ಒಂದು ನಟ್ಟೂ ಬಿಚ್ಚಿಲ್ಲ

“ಇದನ್ನ ಪೂರ್ತಿ ನಾನೇ ಕಟ್ಟಿದ್ದು ಸರ್,” ಎಂದು ಭಾವ ಗಿರಾಕಿಯೊಬ್ಬನಿಗೆ ಹೇಳುತ್ತಿದ್ದಾಗ ತಕ್ಕಡಿ ಅದೇ ಬೈಕಿನ ಕೆಳಗೆ ಅಂಗಾತ ಮಲಗಿದ್ದ. ಎಂಜಿನ್ನಿಗೆ ಕಲ್ಲು ಬಡಿಯದಂತೆ ಕಾಯುವ ತಗಡನ್ನು ಎದೆಯ ಮೇಲಿಟ್ಟುಕೊಂಡು ಒಂದು ಬೋಲ್ಟಿಗಾಗಿ ನೆಲದ ಮೇಲೆ ತಡಕಾಡುತ್ತಿದ್ದ. ಹೊರಗೆ ಕಾಣುತ್ತಿದ್ದುದು ಅವನ ಪಾದಗಳು ಮಾತ್ರ. ಗಿರಾಕಿ ಭಾವನ ಕೈ ಕುಲುಕಿ, ಭೇಷ್ ಎಂದು ಹೊಗಳಿ, ಹೋಗುವಾಗ ಆ ಪಾದಗಳನ್ನು ಜೋಪಾನವಾಗಿ ದಾಟಿಕೊಂಡು ಹೋದ. ಆ ಜೋಪಾನವೇ ತಕ್ಕಡಿಗೆ ಹೆಚ್ಚು ಚುಚ್ಚಿತು. ತುಳಿದಿದ್ದರೆ ಕನಿಷ್ಠ ಒಂದು ಮಾತಾದರೂ ಆಡಬಹುದಿತ್ತು.

ಅವನಿಗೆ ತಕ್ಕಡಿ ಎಂದು ಹೆಸರಿಟ್ಟವನೂ ಭಾವನೇ. ಗ್ಯಾರೇಜಿಗೆ ಬಂದ ಯಾವ ಸಾಮಾನನ್ನೂ ಅಕ್ಕನ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗದೆ ಅವನು ಬೈಕಿಗೆ ಹಾಕುತ್ತಿರಲಿಲ್ಲ. ಅಕ್ಕ ಸಕ್ಕರೆ ತೂಗಲು ಹೋದರೆ ಸಕ್ಕರೆಯಲ್ಲಿ ಗ್ರೀಸಿನ ವಾಸನೆ. ಆದರೆ ಅವರ ಕಸುಬೇ ಅಂಥದ್ದು. ಎಂಡ್ಯೂರೋ ಬೈಕ್ ಎಂದರೆ ಕಾಡುಮೇಡಿನ ಓಟಕ್ಕೆ ಮಾಡಿದ್ದು. ಕಡ್ಡಿಯಷ್ಟು ಹಗುರ, ಹಲಗೆಯಂಥ ಸೀಟು, ಅಂಗೈಯಗಲದ ಟ್ಯಾಂಕ್. ಬೆಳಿಗ್ಗೆ ಕುಣಿದು ಮಧ್ಯಾಹ್ನ ಮನೆಗೆ ಬರಲಿ ಎಂದು ಮಾಡಿದ ಅಂಥ ಬೈಕನ್ನು ತಂದು, ಅದಕ್ಕೆ ದೊಡ್ಡ ಟ್ಯಾಂಕ್, ಕೂರಬಲ್ಲ ಸೀಟು, ಗಂಟುಮೂಟೆ ಹೊರುವ ಚೌಕಟ್ಟು, ರಾತ್ರಿಗೆ ಸಾಲುವ ದೀಪ ಎಲ್ಲ ಕೂರಿಸಿ, ದೇಶದಿಂದ ದೇಶಕ್ಕೆ ಹೋಗುವಂತೆ ಮಾಡುವುದು ಇವರ ಕೆಲಸ. ಕುದುರೆಮರಿಗೆ ಎತ್ತಿನ ದುಡಿಮೆ ಕಲಿಸಬೇಕು, ಅದು ಕುದುರೆಮರಿಯಾಗಿಯೇ ಉಳಿಯಬೇಕು. ತೂಕ ನೋಡದವನು ಈ ಕೆಲಸಕ್ಕೆ ಕೈಹಾಕಬಾರದು. ಭಾವ ತೂಕ ನೋಡುತ್ತಿರಲಿಲ್ಲ, ಕೈಯನ್ನೂ ಅಷ್ಟಾಗಿ ಹಾಕುತ್ತಿರಲಿಲ್ಲ. ತಕ್ಕಡಿ ಎಂಜಿನ್ ಬಿಚ್ಚುತ್ತಿದ್ದ, ಭಾವ ಬಾಯಿ ಬಿಚ್ಚುತ್ತಿದ್ದ. ಗ್ಯಾರೇಜು ನಡೆಯಲು ಎರಡೂ ಬೇಕೆಂದು ತಕ್ಕಡಿಗೆ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಕಿಚ್ಚು ಆರುತ್ತದೆಯೇ?

ಹೀಗೆ ಕಟ್ಟಿ ಕಳಿಸಿದ ಬೈಕುಗಳು ಉಪ್ಪಿನ ಬಯಲಿಗೆ ಹೋದವು, ಹಿಮದ ಕಣಿವೆಗೆ ಹೋದವು. ಸವಾರರು ಫೋಟೋ ಕಳಿಸುತ್ತಿದ್ದರು, ಭಾವ ಅವನ್ನು ಗೋಡೆಗೆ ಅಂಟಿಸಿ ಬಂದವರಿಗೆಲ್ಲ ತಾನೇ ಹೋಗಿ ಬಂದವನಂತೆ ವರ್ಣಿಸುತ್ತಿದ್ದ. ತಕ್ಕಡಿ ಹೋದದ್ದು ಊರಾಚೆಯ ತಿರುವಿನವರೆಗೆ, ಬ್ರೇಕ್ ಪರೀಕ್ಷೆಗೆ. ಆದರೆ ಬೈಕುಗಳು ಮರಳಿದಾಗ ಗಾಳಿ ಸೋಸುವ ಸ್ಪಂಜನ್ನು ಬಿಚ್ಚಿ ತೊಳೆಯುತ್ತಿದ್ದವನು ಅವನು. ಒಂದರಲ್ಲಿ ಕೆಂಪು ಧೂಳು, ಒಂದರಲ್ಲಿ ಬೂದಿ ಬಣ್ಣದ್ದು, ಇನ್ನೊಂದರಲ್ಲಿ ಹಿಟ್ಟಿನಷ್ಟು ನಯವಾದ ಹಳದಿ ಮರಳು. ಬಕೆಟ್ಟಿನ ನೀರಿಗೆ ಅದನ್ನು ಹಿಂಡುವಾಗ ಅವನಿಗೆ ಜಗತ್ತನ್ನೇ ಮೋರಿಗೆ ಚೆಲ್ಲಿದಂತೆ ಸಂಕಟವಾಗುತ್ತಿತ್ತು.

ದೂರದ ಪ್ರಯಾಣದ ಬಗ್ಗೆ ಮೊದಲಿನ ಮಾತು ಬೇರೆಯೇ ಇತ್ತು. “ಇಬ್ಬರೂ ಹೋಗೋಣ ಕಣಪ್ಪಾ, ಅಕ್ಕಪಕ್ಕ ಗಾಡಿ ಓಡಿಸ್ಕೊಂಡು,” ಎಂದಿದ್ದ ಭಾವ. ಎರಡು ಬೈಕ್ ಕಟ್ಟುವುದೆಂದು ಹೊರಟರು. ತೊಡಕಾದದ್ದು ಗೇರಿನಲ್ಲಿ. ಓಟದ ಬೈಕಿನ ಗೇರುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಹೆದ್ದಾರಿಗೆ ಬಿಟ್ಟರೆ ಎಂಜಿನ್ ದಿನವಿಡೀ ಕಿರುಚುತ್ತದೆ. ದೂರದ ದಾರಿಗೆ ಸರಿಹೊಂದುವ ಗೇರ್ ಸೆಟ್ಟನ್ನು ಮಾಡುತ್ತಿದ್ದವರು ಮಾಡುವುದನ್ನೇ ನಿಲ್ಲಿಸಿದ್ದರು. ತಕ್ಕಡಿ ಎಲ್ಲೆಲ್ಲೋ ಕೇಳಿ, ಯಾರ್‍ಯಾರಿಗೋ ಗೋಗರೆದು, ಕೊನೆಗೆ ಒಬ್ಬ ಹಳೆಯ ಓಟಗಾರನ ಅಟ್ಟದ ಮೇಲೆ ಒಂದೇ ಒಂದು ಸೆಟ್ ಪತ್ತೆಮಾಡಿದ. ಒಂದು ಸೆಟ್ ಎಂದರೆ ಒಂದೇ ಬೈಕ್. ಬೈಕ್ ಮುಗಿದ ವಾರ ಭಾವ ಹೊಸ ಸವಾರಿಯ ಕೋಟು ಕೊಂಡು ತಂದ. ಅದು ಭಾವನ ಹೊಟ್ಟೆಯ ಅಳತೆಯದಾಗಿತ್ತು.

“ಗ್ಯಾರೇಜ್ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲಪ್ಪಾ,” ಎಂದ ಭಾವ, ಅವನ ಬೆನ್ನು ತಟ್ಟುತ್ತಾ. “ನೀನಿದ್ದೀಯ ಅನ್ನೋ ಧೈರ್ಯದ ಮೇಲೇ ನಾನು ಹೊರಟಿರೋದು.”

ತಕ್ಕಡಿ “ಆಗ್ಲಿ ಭಾವ” ಎಂದ. ಆ ಎರಡು ಪದಗಳ ನಡುವಿನ ಒಂದು ಉಸಿರಿನಲ್ಲೇ ಕಳ್ಳತನ ತೀರ್ಮಾನವಾಯಿತು.

ಕದಿಯುವುದು ಯಾರಿಗಾದರೂ ಬರುತ್ತದೆ, ಕದ್ದಮೇಲೆ ಏರಿ ಹೋಗುವುದು ಹೇಗೆ ಎಂಬುದೇ ಪ್ರಶ್ನೆ. ಮರಳಿನ ಬಣ್ಣದ ಆ ಬೈಕನ್ನು ಸುತ್ತಲಿನ ಸವಾರರೆಲ್ಲ ಬಲ್ಲರು, ಗೊತ್ತಿಲ್ಲದವರಿಗೂ ಭಾವ ತೋರಿಸಿಬಿಟ್ಟಿದ್ದ. ಬೇರೆ ಕಳ್ಳನಾಗಿದ್ದರೆ ಬಣ್ಣ ಬದಲಿಸಿ ಸಿಕ್ಕಿಬೀಳುತ್ತಿದ್ದ. ತಕ್ಕಡಿಗೆ ಹೊಳೆದದ್ದು ಕಸುಬುದಾರನ ಉಪಾಯ. ಪ್ರವಾಸಕ್ಕಾಗಿ ಮಾರ್ಪಡಿಸಿದ ಬೈಕನ್ನು ಬಚ್ಚಿಡಲು ಅತ್ಯುತ್ತಮ ಜಾಗ ಎಂದರೆ ಮಾರ್ಪಡಿಸದ ಬೈಕು. ಕೂರಿಸಿದ್ದನ್ನೆಲ್ಲ ಇಳಿಸಿಬಿಟ್ಟರೆ ಉಳಿಯುವುದು ಯಾರೂ ಕತ್ತೆತ್ತಿ ನೋಡದ ಒಂದು ಬಡಕಲು ಗಾಡಿ. ಆಮೇಲೆ ಎಲ್ಲರೆದುರಿಗೇ, ಹಾಡುಹಗಲಲ್ಲಿ, ಅದನ್ನು ಮತ್ತೆ ಮಾರ್ಪಡಿಸಬಹುದು. ಹೊಸದು ಹಳೆಯದರಂತೆಯೇ ಕಂಡರೆ ಕಾಣಲಿ. ಎರಡನ್ನೂ ಮಾಡಿದ ಕೈ ಒಂದೇ ಅಲ್ಲವೇ!

ಅದಕ್ಕೊಂದು ಮೈ ಬೇಕಿತ್ತು, ಅದೂ ಸಿಕ್ಕಿತು. ಜಮೀನು ಅಳೆಯುವ ಒಬ್ಬ ಸರ್ವೆಯವನ ಹಿತ್ತಲಲ್ಲಿ ಅದೇ ಮಾದರಿಯ ಬೈಕ್ ಬಿದ್ದಿತ್ತು. ಹಳ್ಳಕ್ಕೆ ಉರುಳಿ ಸೊಟ್ಟಗಾದದ್ದನ್ನು ಅವನು ಆಮೇಲೆ ಮುಟ್ಟಿರಲಿಲ್ಲ. ಅವನು ಮಗಳ ಮನೆಗೆಂದು ಪರದೇಶಕ್ಕೆ ಹೊರಟಿದ್ದ, ಮರಳುವ ಯೋಚನೆ ಇರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಬೈಕನ್ನೂ ಅದರ ಕಾಗದಪತ್ರಗಳನ್ನೂ ಒಟ್ಟಿಗೆ ಕೊಟ್ಟು ಕೈತೊಳೆದುಕೊಂಡ. ತಾರೀಖು ಬರೆಯುವ ಜಾಗವನ್ನು ತಕ್ಕಡಿ ಖಾಲಿ ಬಿಡಿಸಿದ. ಊರಾಚೆ ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಸೊಟ್ಟ ಬೈಕನ್ನು ಅಲ್ಲಿ ಸೇರಿಸಿದ. ಆ ಕೋಣೆಯ ಗೋಡೆಗಳು ಎಷ್ಟು ದಪ್ಪವೆಂದರೆ ಒಳಗೆ ಸುತ್ತಿಗೆ ಬಡಿದರೂ ಹೊರಗಿನ ನಾಯಿಗೆ ಎಚ್ಚರವಾಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಗುಡ್ಡದ ಮೇಲಿನ ಚಹಾದಂಗಡಿಯ ಮುಂದೆ ಸವಾರರು ಸೇರುವುದು ರೂಢಿ. ಭಾವ ಮರಳು ಬಣ್ಣದ ಬೈಕನ್ನು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿ, ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ, ಚಹಾದ ಲೋಟ ಹಿಡಿದು ಮಾತಿಗೆ ನಿಲ್ಲುತ್ತಿದ್ದ. ಮಾತು ಏರಿದಂತೆ ಅವನ ಬೆನ್ನು ಬೈಕಿನ ಕಡೆಗೆ ತಿರುಗುತ್ತಿತ್ತು, ಯಾಕೆಂದರೆ ಮುಖ ಜನರ ಕಡೆಗಿರಬೇಕಲ್ಲ. ಅಲ್ಲಿ ಬರುವವರು, ಹೋಗುವವರು ಎಲ್ಲರೂ ಹೆಲ್ಮೆಟ್ ಹಾಕಿಕೊಂಡೇ ಓಡಾಡುವವರು. ಇನ್ನೊಂದು ಹೆಲ್ಮೆಟ್ ನಡೆದುಬಂದು ಒಂದು ಬೈಕ್ ಏರಿದರೆ ಯಾರು ಕೇಳುತ್ತಾರೆ? ಬೀಗ ಕೂರಿಸಿದವನು ತಕ್ಕಡಿ, ಇನ್ನೊಂದು ಕೀಲಿ ಅವನಲ್ಲೇ ಇತ್ತು. ಸದ್ದು ಕಡಿಮೆ ಮಾಡುವ ಕೊಳವೆಯನ್ನೂ ಹಿಂದಿನ ವಾರವೇ ಹಾಕಿದ್ದ. “ದೂರದ ದಾರಿಗೆ ಕಿವಿಗೆ ಹಿತ ಇರ್ಬೇಕು ಭಾವ,” ಎಂದಿದ್ದ. ಭಾವ ಅದನ್ನೂ ತನ್ನದೇ ಯೋಚನೆ ಎಂದು ನಾಲ್ಕು ಜನಕ್ಕೆ ಹೇಳಿಯಾಗಿತ್ತು.

ಉಳಿದದ್ದು, ಆ ಹೊತ್ತಿಗೆ ತಕ್ಕಡಿ ಬೇರೆಲ್ಲೋ ಇದ್ದನೆಂಬ ಸಾಕ್ಷಿ. ಅದಕ್ಕೆ ಟಯರಿಗೆ ಗಾಳಿ ತುಂಬುವ ಗ್ಯಾರೇಜಿನ ಯಂತ್ರ ಸಾಕಾಯಿತು. ಪೈಪಿನ ಬಾಯಿ ಚೂರು ಸಡಿಲಿಸಿಟ್ಟರೆ ಗಾಳಿ ಸೋರಿ, ಯಂತ್ರ ತಾನಾಗಿಯೇ ಆಗಾಗ ಶುರುವಾಗಿ ನಿಲ್ಲುತ್ತದೆ. ಹೊರಗಿನಿಂದ ಕೇಳುವವರಿಗೆ ಒಳಗೆ ಯಾರೋ ಬೆವರು ಸುರಿಸುತ್ತಿದ್ದಾರೆ ಅನಿಸಬೇಕು. ಶಟರ್ ಎಳೆದು, ರೇಡಿಯೋ ಹಾಕಿ, ಹಿಂಬಾಗಿಲಿನಿಂದ ಹೊರಟು ಅವನು ಬಸ್ ಹತ್ತಿದ. ಪಕ್ಕದ ಟೈಲರ್ ಆಮೇಲೆ ಪೊಲೀಸಿನವನ ಮುಂದೆ ಆಣೆಯಿಟ್ಟು ಹೇಳಿದ: “ಭಾನುವಾರಾನೂ ಬಿಡಲ್ಲ ಸ್ವಾಮಿ ಆ ಮನುಷ್ಯ. ಬೆಳಗ್ಗೆಯಿಂದ ಒಂದೇ ಸಮ ಸದ್ದು, ನನ್ನ ನಿದ್ದೆಯೆಲ್ಲ ಹಾಳಾಯ್ತು.”

ಗುಡ್ಡದ ಮೇಲೆ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಭಾವ ಆಗಲೇ ಹಿಮದ ಕಣಿವೆ ತಲುಪಿದ್ದ, ಮಾತಿನಲ್ಲಿ. ತಕ್ಕಡಿ ಬೈಕ್ ಏರಿ ಕೀಲಿ ತಿರುಗಿಸಿದ. ರಸ್ತೆಗೆ ಹೋಗದೆ ಅಂಗಡಿಯ ಹಿಂದಿನ ಸೌದೆಯವರ ಕಾಲುದಾರಿಗೆ ಇಳಿದ. ಬೊಬ್ಬೆ ಎದ್ದಿತು. ದೊಡ್ಡ ದೊಡ್ಡ ಬೈಕುಗಳು ಗುಡುಗುತ್ತಾ ಬೆನ್ನಟ್ಟಿದವು. ಮೊದಲ ತಿರುವಿನಲ್ಲೇ ಒಂದು ಪೊದೆಗೆ ಒರಗಿತು, ಎರಡನೆಯದು ಅದಕ್ಕೆ ಒರಗಿತು, ಉಳಿದವರು ನಿಂತು ಅವೆರಡನ್ನು ಎತ್ತಲು ಕೈಜೋಡಿಸಿದರು. ತಕ್ಕಡಿಯ ಬೈಕ್ ಬೇರಿನ ಮೇಲೆ ಕುಪ್ಪಳಿಸಿ, ಬಂಡೆಯಿಂದ ಬಂಡೆಗೆ ಇಳಿದು, ತೊರೆ ದಾಟಿತು. ತೂಗಿ ತೂಗಿ ಕಳೆದ ಒಂದೊಂದು ಗ್ರಾಮೂ ಆ ಇಳಿಜಾರಿನಲ್ಲಿ ಅವನಿಗೆ ಸಲಾಮು ಹೊಡೆಯಿತು. ಮೇಲಿನಿಂದ ಭಾವನ ಕೂಗು ಕೇಳುತ್ತಲೇ ಇತ್ತು: “ಲೋ ಕಳ್ಳಾ! ಮೆಲ್ಲಗೋ! ಹೊಸ ಟಯರ್ ಕಣೋ ಅದು!”

ತೊರೆಯಾಚೆ ದಾರಿ ಅಗಲವಾಯಿತು. ತಕ್ಕಡಿ ಗೇರ್ ಏರಿಸಿದ, ಎಂಜಿನ್ ಕಿರುಚಲಿಲ್ಲ, ಗುನುಗಿತು. ಆಗ ಅವನಿಗೆ ಕಣ್ಣಲ್ಲಿ ನೀರು ಬಂತು, ಅಷ್ಟು ಖುಷಿಯಾಗಿತ್ತು. ಇಷ್ಟು ವರ್ಷದಲ್ಲಿ ಅವನು ತಾನು ಕಟ್ಟಿದ ಬೈಕಿನಲ್ಲಿ ಬ್ರೇಕ್ ಪರೀಕ್ಷಿಸಲಿಕ್ಕಲ್ಲದೆ ಸುಮ್ಮನೆ ಹೋದದ್ದು ಅದೇ ಮೊದಲು.

ಸಂಜೆ ಪೊಲೀಸಿನವನು ಗ್ಯಾರೇಜಿಗೆ ಬಂದ. ಎಲ್ಲಿ ಬಾಯಿ ತಪ್ಪುತ್ತದೋ ಎಂದು ತಕ್ಕಡಿ ಮೂಲೆಯಲ್ಲಿ ಚೈನಿಗೆ ಎಣ್ಣೆ ಹಾಕುತ್ತಾ ನಿಂತಿದ್ದ. ಅವನು ಅಂಜಬೇಕಾಗಿರಲಿಲ್ಲ.

“ಬಣ್ಣ ಯಾವುದು?” ಎಂದ ಪೊಲೀಸಿನವನು.

“ಮರಳಿನ ಬಣ್ಣ ಸರ್. ಮರಳು ಅಂದ್ರೆ ನದಿ ಮರಳಲ್ಲ, ಮರುಭೂಮಿ ಮರಳು. ಅದೂ ಬಿಸಿಲು ಇಳಿಯೋ ಹೊತ್ತಿಂದು.”

“ಹಳದಿ ಅಂತ ಹಾಕ್ಕೊಳ್ಲಾ?”

“ಹಳದಿನಾ?” ಭಾವನಿಗೆ ಬೈಕ್ ಇನ್ನೊಮ್ಮೆ ಕಳುವಾದಂತಾಯಿತು. “ಹಳದಿ ಆಟೋಗೆ ಹೊಡೀತಾರೆ ಸರ್.”

ಪೊಲೀಸಿನವನು ಹಳದಿ ಎಂದೇ ಹಾಕಿಕೊಂಡು, ಅಕ್ಕ ಕೊಟ್ಟ ಚಹಾ ಕುಡಿದು, ಸಿಕ್ಕರೆ ತಿಳಿಸುವುದಾಗಿ ಹೇಳಿ ಹೋದ. ಜಗತ್ತಿನ ಹಳದಿ ಬೈಕುಗಳನ್ನೆಲ್ಲ ಅವನು ಹುಡುಕಿಕೊಳ್ಳಲಿ ಎಂದು ತಕ್ಕಡಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಇನ್ನು ಐಸ್ ಫ್ಯಾಕ್ಟರಿಗೆ ದಿನವೂ ಹೋಗಲು ಒಂದು ನೆಪ ಬೇಕಿತ್ತು. ಅದನ್ನು ಭಾವನೇ ತಂದುಕೊಟ್ಟ. “ಪೊಲೀಸರನ್ನ ನಂಬ್ಕೊಂಡ್ರೆ ಆಗಲ್ಲ. ಗುಜರಿಯವರ ಹತ್ರ, ಗ್ಯಾರೇಜುಗಳಲ್ಲಿ, ಎಲ್ಲಾ ಕಡೆ ನೀನೇ ಹೋಗಿ ನೋಡಪ್ಪಾ. ಅದರ ಒಂದು ಬೋಲ್ಟ್ ಕಂಡ್ರೂ ನಿಂಗೆ ಗೊತ್ತಾಗತ್ತೆ,” ಎಂದ. ಹೀಗೆ ಪ್ರತಿದಿನ ಮಧ್ಯಾಹ್ನದ ಊಟ ಮುಗಿಸಿ, ಅಕ್ಕ ತುಂಬಿಕೊಟ್ಟ ಚಹಾದ ಫ್ಲಾಸ್ಕ್ ಹಿಡಿದು, ತಕ್ಕಡಿ ಕಳುವಾದ ಬೈಕನ್ನು ಹುಡುಕಲು ಹೊರಡುತ್ತಿದ್ದ. ಪ್ರತಿದಿನವೂ ಅದು ಅವನಿಗೆ ತಪ್ಪದೆ ಸಿಗುತ್ತಿತ್ತು.

ಕೆಲಸಕ್ಕೆ ಇಳಿದಮೇಲೆ ಅವನು ಕಳ್ಳನಾಗಿ ಉಳಿಯಲಿಲ್ಲ, ಕೆಲಸಗಾರನಾದ. ಸರ್ವೆಯವನ ಬೈಕಿನ ಸೊಟ್ಟ ಫ್ರೇಮನ್ನು ಕಾಯಿಸಿ, ಜಗ್ಗಿ, ದಾರ ಹಿಡಿದು ನೋಡಿ ನೆಟ್ಟಗೆ ಮಾಡಿದ. ಎಂಜಿನ್ನಿನ ಹೊರಕವಚವೂ ಸರ್ವೆಯವನದೇ ಇರಲಿ, ಅದರ ಮೇಲೆ ನಂಬರಿದೆ. ಒಳಗೆ ಸೇರಿದ್ದು ಮಾತ್ರ ಮರಳು ಬಣ್ಣದ ಬೈಕಿನ ಕರುಳು: ಅಟ್ಟದಿಂದ ಇಳಿದ ಆ ಗೇರ್ ಸೆಟ್, ಅವನೇ ಉಜ್ಜಿ ಹೊಂದಿಸಿದ ಒಳಭಾಗಗಳು. ಕದ್ದ ಫ್ರೇಮು ಚರಂಡಿಯ ಮುಚ್ಚಳ ಎರಕ ಹೊಯ್ಯುವವರ ಕುಲುಮೆಗೆ ಹೋಯಿತು. ಭಾವ ಮುಂದೊಂದು ದಿನ ಅದರ ಮೇಲೆ ಕಾಲಿಟ್ಟು ನಡೆದರೂ ಗುರುತು ಹಿಡಿಯಲಾರ. ಕದ್ದ ಎಂಜಿನ್ ಕವಚ ಚೂರುಚೂರಾಗಿ ಗುಜರಿ ಮೂಟೆ ಸೇರಿತು. ದೊಡ್ಡ ಟ್ಯಾಂಕು, ಸೀಟು, ಗಂಟು ಹೊರುವ ಚೌಕಟ್ಟು ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಐಸಿನ ಹಳೆಯ ತೊಟ್ಟಿಯೊಳಗೆ ಮಲಗಿಸಿದ. ಮುಂದೆ ಒಂದೊಂದಾಗಿ ಎದ್ದುಬಂದು, ಹೊಸ ಬಣ್ಣ ಬಳಿಸಿಕೊಂಡು, ಈಗಷ್ಟೇ ಹುಟ್ಟಿದವರಂತೆ ಗ್ಯಾರೇಜಿಗೆ ಬರಬೇಕಾದವು ಅವು.

ಬೋಲ್ಟುಗಳ ವಿಷಯದಲ್ಲೂ ಅವನು ಸೋಮಾರಿಯಾಗಲಿಲ್ಲ. ಕದ್ದ ಬೈಕಿನ ಹೊಳೆಯುವ ಹಗುರ ಬೋಲ್ಟು, ನಟ್ಟು ಒಂದನ್ನೂ ಬಳಸದೆ ಎಲ್ಲವನ್ನೂ ಹಳ್ಳಕ್ಕೆ ಎಸೆದು, ಸರ್ವೆಯವನ ತುಕ್ಕು ಹಿಡಿದವನ್ನೇ ಹಾಕಿದ. ತೂಕ ಹೆಚ್ಚಾಯಿತಲ್ಲ ಎಂದು ಒಂದು ಕ್ಷಣ ಹೊಟ್ಟೆ ಉರಿಯಿತು. ಹೊಂದಿಸಿ ಬಿಗಿಮಾಡುವ ಕೆಲಸಕ್ಕೆ ಅವನಿಗೆ ಬುದ್ಧಿ ಬೇಕಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಸ್ಪ್ಯಾನರ್ ಎತ್ತಿಕೊಳ್ಳುತ್ತಿತ್ತು, ಬಿಗಿಯುತ್ತಿತ್ತು, ಮುಂದಿನ ನಟ್ಟಿಗೆ ಹೋಗುತ್ತಿತ್ತು. ಮನಸ್ಸು ಅಷ್ಟರಲ್ಲಿ ಉಪ್ಪಿನ ಬಯಲಿನ ಅಂಚಿನಲ್ಲಿ ಗುಡಾರ ಹಾಕಿ, ಒಲೆ ಹಚ್ಚಿ, ಯಾವ ಕಡೆಗೆ ತಲೆಯಿಟ್ಟು ಮಲಗುವುದೆಂದು ಯೋಚಿಸುತ್ತಿತ್ತು.

ಮನೆಯಲ್ಲಿ ಮಾತ್ರ ಲೆಕ್ಕ ತಪ್ಪಿತು. ಭಾವ ಎರಡು ದಿನ ಕೂಗಾಡಿ ಸುಮ್ಮನಾಗುತ್ತಾನೆ ಎಂದುಕೊಂಡಿದ್ದ. ಭಾವ ಕೂಗಾಡಲೇ ಇಲ್ಲ, ನೇರವಾಗಿ ಸುಮ್ಮನಾದ. ಗಿರಾಕಿಗಳು ಬಂದರೆ ತಲೆಯಾಡಿಸುತ್ತಿದ್ದ. ಗೋಡೆಯ ಫೋಟೋಗಳ ಕಡೆ ಬೆನ್ನು ಹಾಕಿ ಕೂರುತ್ತಿದ್ದ. ಬೈಕ್ ನಿಲ್ಲುತ್ತಿದ್ದ ಜಾಗದಲ್ಲಿ ಬೇರೆ ಗಾಡಿ ನಿಲ್ಲಿಸಲು ಬಿಡುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಈ ಬಾಯಿಗೆ ಯಾರಾದರೂ ಬೀಗ ಹಾಕಬಾರದೇ ಎಂದು ಹಂಬಲಿಸಿದ್ದ ತಕ್ಕಡಿಗೆ ಆ ಮೌನ ಮೂರೇ ದಿನಕ್ಕೆ ಬೇಸರ ತಂದಿತು. ಮಾತಿಲ್ಲದ ಗ್ಯಾರೇಜಿನಲ್ಲಿ ಸ್ಪ್ಯಾನರಿನ ಸದ್ದು ಕೂಡ ಯಾಕೋ ಬೇಡವೆನಿಸುತ್ತಿತ್ತು.

“ಅವರಿಗೆ ಊಟ ಸೇರ್ತಿಲ್ಲ ಕಣೋ,” ಎಂದಳು ಅಕ್ಕ ಒಂದು ದಿನ, ಫ್ಲಾಸ್ಕ್ ತುಂಬುತ್ತಾ. “ಬೈಕ್ ಹೋಯ್ತು ಅಂತಲ್ಲ. ‘ನಿನ್ನ ತಮ್ಮ ಅಷ್ಟು ಕಷ್ಟಪಟ್ಟು ಮಾಡಿದ್ದ, ನಾನು ಬೇಜವಾಬ್ದಾರಿಯಿಂದ ಕಳೆದುಬಿಟ್ಟೆ’ ಅಂತಾರೆ.”

ತಕ್ಕಡಿಗೆ ಪಾಪ ಎನಿಸಿತು, ನಾಚಿಕೆಯೂ ಆಯಿತು. ಅಂದು ಐಸ್ ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ, ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಎಲ್ಲಾದರೂ ಬೇಲಿಯ ಬದಿಯಲ್ಲಿ ನಿಲ್ಲಿಸಿಬಿಡಲೇ ಎಂದು ಗಂಭೀರವಾಗಿಯೇ ಯೋಚಿಸಿದ. ಆದರೆ ಫ್ರೇಮು ಆಗಲೇ ಚರಂಡಿ ಮುಚ್ಚಳವಾಗಿತ್ತು. ಚರಂಡಿ ಮುಚ್ಚಳದ ಮೇಲೆ ಪಶ್ಚಾತ್ತಾಪಪಟ್ಟು ಏನು ಬಂತು? ಭಾವನ ಮಾತು ಅಕ್ಕನ ಮುಂದೆ ಬಂದಿತೇ ಹೊರತು ಗಿರಾಕಿಯ ಮುಂದೆ ಬಂದಿರಲಿಲ್ಲ ಎಂಬುದನ್ನೂ ಅವನು ಮರೆಯದೆ ನೆನಪಿಸಿಕೊಂಡ. ಅಷ್ಟು ನೆನೆದಮೇಲೆ ಮನಸ್ಸು ಗಟ್ಟಿಯಾಯಿತು.

ಕಡೆಯದಾಗಿ ಬೈಕಿಗೆ ವಯಸ್ಸು ತರಿಸಬೇಕಿತ್ತು. ಹೊಲದ ಧೂಳಿಗೆ ಹಳೆಯ ಎಂಜಿನ್ ಎಣ್ಣೆ ಕಲಸಿ, ಬ್ರಷ್ಷಿನಿಂದ ಮೂಲೆಮೂಲೆಗೂ ಹಚ್ಚಿದ. ಮದುಮಗಳಿಗೆ ಮೇಕಪ್ ಮಾಡುವವರೂ ಅಷ್ಟು ನಾಜೂಕಾಗಿ ಮಾಡಲಾರರು. ಒಣಗಿದಮೇಲೆ ನೋಡಿದರೆ ಎಷ್ಟೋ ಮಳೆ ಬಿಸಿಲು ಕಂಡು ಹಿತ್ತಲಲ್ಲಿ ಬಿದ್ದಿದ್ದ ಗಾಡಿಯೇ ಸೈ. ಕಾಗದದ ಖಾಲಿ ಜಾಗಕ್ಕೆ ಆ ದಿನದ ತಾರೀಖು ಹಾಕಿದ. ಹೇಳಬೇಕಾದ ಕತೆಯೂ ಚಿಕ್ಕದು. ಕಳುವಾದದ್ದನ್ನು ಹುಡುಕುತ್ತಾ ಅಲೆಯುವಾಗ ಇದು ಕಣ್ಣಿಗೆ ಬಿತ್ತು, ಇವತ್ತೇ ಕೊಂಡೆ, ಇವತ್ತೇ ತಂದೆ. ಕತೆಯ ಬೆನ್ನುಮೂಳೆ ಒಂದೇ: ತಾನು ಇದನ್ನು ಇವತ್ತಿನವರೆಗೆ ಮುಟ್ಟಿಯೇ ಇಲ್ಲ. ಕಳ್ಳತನವಾದಂದಿನಿಂದ ಯಾವುದೋ ಬೈಕನ್ನು ಗುಟ್ಟಾಗಿ ಕಟ್ಟುತ್ತಿದ್ದ ಎಂದು ತಿಳಿದರೆ ಭಾವನಂಥವನಿಗೂ ಅನುಮಾನ ಬರುತ್ತದೆ. ಇವತ್ತು ಬಂದ ಬೈಕಿನ ಮೇಲೆ ಯಾರಿಗೂ ಬರುವುದಿಲ್ಲ.

ಸಣ್ಣ ಲಾರಿಯಿಂದ ಅದನ್ನು ಗ್ಯಾರೇಜಿನ ಮುಂದೆ ಇಳಿಸಿದಾಗ ಭಾವ ಕುರ್ಚಿಯಿಂದ ಎದ್ದು ಬಂದ. ಸುತ್ತು ಹಾಕಿದ.

“ಎಲ್ಲಿ ಸಿಕ್ತು?” ಎಂದ ಭಾವ.

“ಒಬ್ಬ ಸರ್ವೆಯವನ ಹಿತ್ತಲಲ್ಲಿ ಭಾವ. ನಮ್ಮ ಬೈಕ್ ಹುಡುಕ್ತಾ ಹೋದಾಗ ಕಾಣಿಸ್ತು. ಅವನು ಪರದೇಶಕ್ಕೆ ಹೊರಟಿದ್ದ, ಇವತ್ತೇ ಕೊಟ್ಬಿಟ್ಟ. ಕಂಪನಿಯಿಂದ ಹೇಗೆ ಬಂತೋ ಹಾಗೇ ಇದೆ. ಒಂದು ನಟ್ಟೂ ಬಿಚ್ಚಿಲ್ಲ. ಅವನೂ ಬಿಚ್ಚಿಲ್ಲ, ನಾನೂ ಮುಟ್ಟಿಲ್ಲ. ನೀವು ನೋಡದೆ ಕೈ ಹಚ್ಚೋದು ಬೇಡ ಅಂತ ಹಾಗೇ ತಂದೆ.”

ಆ ಕೊನೆಯ ಮಾತು ತಯಾರಿಯಲ್ಲಿ ಇರಲಿಲ್ಲ, ಆ ಗಳಿಗೆಯಲ್ಲಿ ಹುಟ್ಟಿದ್ದು. ತನ್ನ ಚುರುಕನ್ನು ತಾನೇ ಮೆಚ್ಚಿಕೊಂಡ.

ಭಾವ ಹಲಗೆಯಂಥ ಆ ಸೀಟಿನ ಮೇಲೆ ಕೈಯಿಟ್ಟ. “ಇದನ್ನ ಮಾಡು. ದೂರದ ದಾರಿಗೆ ಮಾಡು. ಆದ್ರೆ ಹೋಗೋನು ನೀನು,” ಎಂದ.

“ಭಾವ?”

“ನೀನೇ ಹೋಗ್ಬೇಕು. ಗ್ಯಾರೇಜ್ ನಾನು ನೋಡ್ಕೊತೀನಿ. ಆ ಬೈಕಲ್ಲೂ ನೀನೇ ಹೋಗ್ಬೇಕಿತ್ತು, ನಂಗೆ ಆಸೆ ಆಯ್ತು, ಕಣ್ಣು ಕಾಣ್ಲಿಲ್ಲ. ಇನ್ಮೇಲೆ ಯಾರೇ ಬಂದು ಕೇಳ್ಲಿ, ಕಟ್ಟಿದ್ದು ನನ್ನ ಭಾಮೈದ ಅಂತಾನೇ ಹೇಳ್ತೀನಿ.” ಇಷ್ಟು ಹೇಳಿ, ಬಾಗಿಲ ಬಳಿ ನಿಂತಿದ್ದ ಗಿರಾಕಿಯೊಬ್ಬನ ಕಡೆ ತಿರುಗಿ, “ಕೇಳಿಸ್ತಾ ಸರ್? ಇಲ್ಲಿ ಇರೋದೆಲ್ಲ ಇವನು ಕಟ್ಟಿದ್ದು,” ಎಂದ.

ತಕ್ಕಡಿ ಇಷ್ಟು ವರ್ಷ ಕಾದ ಮಾತು, ಗಿರಾಕಿಯ ಮುಂದೆಯೇ! ಬೈಕು ಸಿಕ್ಕಿತು, ದಾರಿ ಸಿಕ್ಕಿತು, ಹೆಸರೂ ಸಿಕ್ಕಿತು. ಪಾಪಪ್ರಜ್ಞೆ ಎಂಬುದು ಒಳಗೆ ಎಲ್ಲೋ ಮಿಸುಕಾಡಿತಾದರೂ ಅದನ್ನು ಪ್ರಯಾಣದಲ್ಲಿ ಬಿಡುವಾಗಿ ನೋಡಿಕೊಳ್ಳೋಣ ಎಂದು ಅತ್ತ ಸರಿಸಿದ. ಭಾವ ಅಷ್ಟಕ್ಕೇ ನಿಲ್ಲಲಿಲ್ಲ. ಅಂಗಿಯ ತೋಳು ಮಡಚಿದ. ಬಕೆಟ್ ತಂದ, ಸೀಮೆಎಣ್ಣೆ ತಂದ, ಒಂದು ಹಳೆಯ ಬಟ್ಟೆ ತಂದ. “ನೀನು ಕೂತ್ಕೋ. ಇವತ್ತು ತೊಳೆಯೋ ಕೆಲಸ ನಂದು,” ಎಂದು ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಗ್ಯಾರೇಜ್ ಶುರುವಾದಂದಿನಿಂದ ಭಾವ ಒಂದು ಬೈಕನ್ನು ತನ್ನ ಕೈಯಾರೆ ಒರೆಸಿದ್ದು ಅದೇ ಮೊದಲು. ಮೊದಲು ಕಲಿಯುವವರ ಶ್ರದ್ಧೆಯಿಂದ ಒಂದೊಂದೇ ನಟ್ಟನ್ನು ಬಟ್ಟೆಯಲ್ಲಿ ಸುತ್ತಿ ಉಜ್ಜತೊಡಗಿದ.

ಅಕ್ಕ ಚಹಾದ ತಟ್ಟೆ ತಂದು, ಗಂಡನ ಪಕ್ಕ ನೆಲದ ಮೇಲಿಡಲು ಬಗ್ಗಿದವಳು ಹಾಗೆಯೇ ನಿಂತಳು. “ಲೋ ತಮ್ಮ, ಇದು ನಾನು 'ಚೆನ್ನಾಗಿಲ್ಲ' ಅಂತ ಎಸೆದ ನೈಲ್ ಪಾಲಿಶ್ ಅಲ್ವೇನೋ?” ಎಂದಳು. ತುಕ್ಕು ಹಿಡಿದ ನಟ್ಟಿನಿಂದ ಪಕ್ಕದ ಲೋಹದವರೆಗೆ ಬದನೆಕಾಯಿ ಬಣ್ಣದ ತೆಳು ಗೆರೆಯೊಂದು ಹೊಳೆಯುತ್ತಿತ್ತು. ತಕ್ಕಡಿ ಯಾವ ನಟ್ಟನ್ನು ಬಿಗಿದರೂ ಮರುಕ್ಷಣವೇ ಅದರ ಮೇಲೆ ಹಾಗೊಂದು ಗೆರೆ ಎಳೆಯುತ್ತಿದ್ದ. ದಾರಿಯ ಕುಲುಕಾಟಕ್ಕೆ ನಟ್ಟು ಚೂರು ತಿರುಗಿದರೂ ಗೆರೆ ತುಂಡಾಗಿ ಸವಾರನಿಗೆ ತಿಳಿಯಲಿ ಎಂದು. ಆ ಗೆರೆಗೆ ಅವನು ಬಳಸುತ್ತಿದ್ದುದು ಅಕ್ಕ ಎಸೆದ ಆ ಶೀಶೆಯನ್ನೇ, ಜಗತ್ತಿನಲ್ಲಿ ಇನ್ನಾವ ಗ್ಯಾರೇಜಿನಲ್ಲೂ ಇಲ್ಲದ ಬಣ್ಣ ಅದು. ವರ್ಷಗಳ ರೂಢಿಯಲ್ಲಿ ಅದು ಅವನಿಗೆ ಉಸಿರಾಡಿದಂತಾಗಿ, ಐಸ್ ಫ್ಯಾಕ್ಟರಿಯಲ್ಲಿ ಕೈ ಒಂದನ್ನೂ ಬಿಡದೆ ಎಳೆದಿದ್ದು ಅವನ ಗಮನಕ್ಕೇ ಬಂದಿರಲಿಲ್ಲ, ಮೇಲಿನ ಧೂಳು ಉಳಿದದ್ದನ್ನು ಮುಚ್ಚಿತ್ತು. ಭಾವ ಇನ್ನೊಂದು ನಟ್ಟು ಒರೆಸಿದ, ಮತ್ತೊಂದು ಒರೆಸಿದ, ಎಂಜಿನ್ ಹಿಡಿದ ದೊಡ್ಡ ಬೋಲ್ಟುಗಳನ್ನೂ ಒರೆಸಿ, ಬಟ್ಟೆಯನ್ನು ಮೆಲ್ಲಗೆ ಬಕೆಟ್ಟಿಗೆ ಬಿಟ್ಟು, ಇವತ್ತೇ ಬಂದ ಬೈಕಿನಿಂದ ಭಾಮೈದನ ಮುಖಕ್ಕೆ ಕಣ್ಣೆತ್ತಿದ. ಗೆರೆಗಳೆಲ್ಲ ನೆಟ್ಟಗಿದ್ದವು, ಒಂದು ನಟ್ಟೂ ಸಡಿಲವಾಗಿರಲಿಲ್ಲ.